ಇಪ್ಪತ್ತಾರು ಅಡಿ

ಅಡಿಲೇಡಿನಿಂದ ಮೂರು ತಾಸು, ಗೋಧಿಯ ಸೈಲೋ ದಾಟಿದ ಮೇಲೆ
ಹಸಿರು ಫಲಕ: ವಾರಲ್ಪಾ.
ಕೆರಿನ್ ಪೆಂಗೆಲಿ ಹುಟ್ಟಿದ ಊರು.
ಗುಲಾಬಿ ಎದೆಯ ಗಿಳಿಗಳು ಮೇಲೆ ಕೂತು ಕೂತು
ಹೆಸರಿನ ಮೊದಲರ್ಧ ಬೆಳ್ಳಗಾಗಿದೆ.

ಅಸಲಿಗೆ ಅವಳು ಹುಟ್ಟಿದ್ದು ಪಕ್ಕದ ಊರಲ್ಲಿ.
ಆ ವರ್ಷ ಇಲ್ಲಿನ ಹೆರಿಗೆ ಕೋಣೆಗೆ ಬೀಗ.
ಇರಲಿ. ಈಗ ಎಲ್ಲರಿಗೂ ಅವಳ ಮೇಲೊಂದು ಪಾಲು.
ಬೇಕರಿಯ ಗ್ಲೆನಿಸ್ ಅನ್ನುತ್ತಾಳೆ,
ನನ್ನ ಪೈ ತಿಂದೇ ಆ ತೊಡೆಗೆ ಆ ಕಸುವು.
(ಕೆರಿನ್ ಹತ್ತಿರ ಪೈಗೆ ಕಾಸಿರಲಿಲ್ಲ, ನಾನು ಬಲ್ಲೆ.)
ಗಣಿತದಲ್ಲಿ ಎರಡು ಸಲ ಫೇಲು ಮಾಡಿದ ನಮ್ಮಪ್ಪ ಕೂಡ
ಬಂದ ನೆಂಟರಿಗೆ 'ನನ್ನ ವಿದ್ಯಾರ್ಥಿನಿ' ಅನ್ನುವಾಗ
ಸುಮ್ಮನೆ ಕನ್ನಡಕ ಒರೆಸಿಕೊಳ್ಳುತ್ತಾರೆ.

ಹೈಸ್ಕೂಲಿನ ಹಜಾರದಲ್ಲಿ ಮರದ ಹಲಗೆ, ಚಿನ್ನದ ಅಕ್ಷರ.
ಮೊದಲು ಮಿಕ್ ಡೊನೊಗು, ಫುಟ್ಬಾಲು.
ಈಗ ಎರಡು ಮಂಡಿಯೂ ಪ್ಲಾಸ್ಟಿಕ್ಕು, ಟೈರು ಮಾರುತ್ತಾನೆ.
ಮೂರನೆಯದು ಕೆರಿನ್.
ನಡುವೆ ಒಂದು ಸಾಲು ಖಾಲಿ; ಖಾಲಿ ಎಂದರೆ ಕೆರೆದದ್ದು.
ರೊಡ್ನಿ ಕ್ಲೆಮ್ಕೆ, ಸೈಕಲ್ಲು,
ಮೂತ್ರದ ಬಾಟಲಿಯಲ್ಲಿ ಸಿಕ್ಕಿಬಿದ್ದವನು.
ಮರಳುಕಾಗದದಲ್ಲಿ ಉಜ್ಜಿ ವಾರ್ನಿಶ್ ಬಳಿದರು.
ಆದರೂ ಜೂನ್ ತಿಂಗಳಲ್ಲಿ, ಮೂರೂವರೆಯ ಹೊತ್ತಿಗೆ,
ಚಳಿಗಾಲದ ಬಿಸಿಲು ಅಡ್ಡಡ್ಡ ಬಿದ್ದಾಗ
ಕಾಲು ಗಂಟೆ ಅವನ ಹೆಸರು ಎದ್ದು ಕೂರುತ್ತದೆ.
ಅವನ ತಾಯಿ ಆಗಲೇ ಬರುತ್ತಾಳೆ,
ಮೊಮ್ಮಗನನ್ನು ಕರೆದೊಯ್ಯಲು ಅನ್ನುತ್ತಾಳೆ.
ಮೊಮ್ಮಗ ಶಾಲೆ ಬಿಟ್ಟು ಎರಡು ವರ್ಷವಾಯಿತು.

ನನ್ನ ಹೆಸರು ಯಾವ ಹಲಗೆಯಲ್ಲೂ ಇಲ್ಲ.
ಉಬ್ಬಸದ ಹುಡುಗಿ; ಓಡಬಾರದೆಂದು ಚೀಟಿ ಇತ್ತು.
ಹ್ಯಾನ್ಕಾಕ್ ಮೇಷ್ಟ್ರು ಕೈಗೊಂದು ಕುಂಟೆ ಕೊಟ್ಟರು:
ಉದ್ದ ಜಿಗಿತದ ಗುಂಡಿ, ಮರಳು ಸಮ ಮಾಡು.
ಮೂರು ವರ್ಷ ಮಾಡಿದೆ.
ಅವಳು ಹಾರುತ್ತಿದ್ದಳು, ನಾನು ಅಳಿಸುತ್ತಿದ್ದೆ.
ಹಿಮ್ಮಡಿಯ ಎರಡು ಬಟ್ಟಲು, ಅಂಗೈಯೂರಿದ ಗುರುತು,
ಜಡೆಯ ತುದಿ ಎಳೆದ ಗೆರೆ.
ಒಂದೂ ಉಳಿಯದಂತೆ.

ಒಂದು ಮಂಗಳವಾರ. ಟೇಪು ಬೀಗದೊಳಗೆ,
ಬೀಗದ ಕೈ ಮೇಷ್ಟ್ರ ಜೇಬಲ್ಲಿ,
ಮೇಷ್ಟ್ರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.
ಗಾಳಿ ಸತ್ತು ಬಾವುಟ ಜೋತುಬಿದ್ದಿತ್ತು.
ಅವಳು ಓಡಿ ಬಂದಳು. ಹಲಗೆ ಒಮ್ಮೆ ಟಕ್ಕೆಂದಿತು.
ಆಮೇಲೆ ಬಹಳ ಹೊತ್ತು
ಏನೂ ಅನ್ನಲಿಲ್ಲ.

ಬಿದ್ದದ್ದು ನಾನೆಂದೂ ಕುಂಟೆ ಆಡಿಸದ ಕಡೆ.
ಅಲ್ಲಿ ಹುಲ್ಲು ಬೆಳೆದಿತ್ತು, ಬೆಕ್ಕು ಮುಚ್ಚಿಟ್ಟದ್ದಿತ್ತು.
ಇಬ್ಬರೂ ಮುಖ ಮುಖ ನೋಡಿಕೊಂಡೆವು.
'ಅಳೆ,' ಅಂದಳು.
'ಯಾವುದರಲ್ಲಿ?'
'ಕಾಲಿದೆಯಲ್ಲ.'

ಹಲಗೆಗೆ ಹಿಮ್ಮಡಿ ಒತ್ತಿ, ಹೆಜ್ಜೆಗೆ ಹೆಜ್ಜೆ ಅಂಟಿಸಿ
ಅಂಚಿನ ಇಟ್ಟಿಗೆಯ ಮೇಲೆ ನಡೆದೆ, ಉಸಿರು ಬಿಗಿಹಿಡಿದು.
ಇಪ್ಪತ್ತಾರು ಅಡಿ. ಮೇಲೊಂದು ಹೆಬ್ಬೆರಳು.

ಓಡಬಾರದಿತ್ತು, ಓಡಿದೆ. 'ಅಪ್ಪಾ, ಇಪ್ಪತ್ತಾರಡಿ!'
ಅಪ್ಪ ನಕ್ಕರು:
ಅಷ್ಟು ಹಾರುವ ಹೆಂಗಸು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಕಣೇ.
ಯಾರ ಅಡಿ ಅಂತ ಕೇಳಲೇ ಇಲ್ಲ, ಗಣಿತದ ಮೇಷ್ಟ್ರು.
ಮೈಸೂರಿಗೆ ಹೋದಾಗೆಲ್ಲ ಹೂವಿನವಳ ಜೊತೆ
'ಯಾರ ಮೊಳವಮ್ಮ ಇದು' ಎಂದು ಜಗಳ ತೆಗೆವ ಅಮ್ಮನೂ ಕೇಳಲಿಲ್ಲ.
ಮರುದಿನ ಬೆಳಿಗ್ಗೆ ನಾನೇ ಹೋಗಿ
ಮರಳು ಸಮ ಮಾಡಿದೆ. ನನ್ನ ಕೆಲಸ ಅದು.

ಆಮೇಲೆ ದೊಡ್ಡ ಊರುಗಳಲ್ಲಿ ಹಾರಿದಳು.
ಬೆಳಗುವ ಅಂಕಿಗಳು, ಬಾವುಟ ಹೊದ್ದು ಅತ್ತದ್ದು,
ಊರಿಗೆ ಊರೇ ಟೀವಿಯ ಮುಂದೆ.
ನಾನು ಪ್ರತಿ ಸಲ ನೋಡುತ್ತಿದ್ದುದು
ಹಿಂದೆ ಕುಂಟೆ ಹಿಡಿದು ಬರುವ ಹುಡುಗನನ್ನು.

ಹೋದ ವರ್ಷ ಫಲಕಕ್ಕೆ ಹೊಸ ಬಣ್ಣ ಬಳಿದಾಗ ಬಂದಿದ್ದಳು.
ಗುಂಡಿ ಈಗಿಲ್ಲ, ಅಲ್ಲಿ ಮೇಷ್ಟ್ರುಗಳ ಕಾರು ನಿಲ್ಲುತ್ತವೆ.
ಗ್ಲೆನಿಸ್ ಪೈ ಹಿಡಿದು ಫೋಟೋ ತೆಗೆಸಿಕೊಂಡಳು.
ಸಾಲಿನಲ್ಲಿ ನಿಂತ ನನ್ನ ಸರದಿ ಬಂದಾಗ
ಮುಖ ನೋಡಲಿಲ್ಲ, ಕೆಳಗೆ ನೋಡಿದಳು.
'ಬೂಟು ಈಗ ಎಷ್ಟನೇ ನಂಬರು?'
'ಎಂಟು.'
'ಅಯ್ಯೋ, ಹಾಗಾದರೆ ಇಪ್ಪತ್ತಮೂರೇ,' ಅಂದಳು
ಗಣಿತದಲ್ಲಿ ಎರಡು ಸಲ ಫೇಲಾದವಳು,
ಬಾಯಲ್ಲೇ ಲೆಕ್ಕ ಹಾಕಿ.